ಮಗುವನ್ನು ಮೇಲಿಂದ ನೇತುಹಾಕಬೇಡಿ, ಕೆಳಗಿಂದ ಹಾರಿಸಿ

ಪ್ರಶ್ನೆ: ನಾನು ಪೊನ್ನಂಪೇಟೆ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಡಿಸೆಂಬರ್ ಕೊನೆಯ ವಾರ ನಮ್ಮ ವಾರ್ಷಿಕೋತ್ಸವ. ಈ ಸಲ ಮಕ್ಕಳೇ ಕೂತು ಒಂದು ನಾಟಕ ಕಟ್ಟಿದ್ದಾರೆ. ಅದರಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯೊಂದು ಪುಟ್ಟ ಹುಡುಗಿಯನ್ನು ತಡಿಯಂಡಮೋಳ್ ಬೆಟ್ಟದಿಂದ ತಲಕಾವೇರಿಗೆ ಹಾರಿಸಿಕೊಂಡು ಹೋಗುತ್ತದೆ. ಪಾತ್ರ ಮಾಡುವ ಹುಡುಗಿಗೆ ಒಂಬತ್ತು ವರ್ಷ, 25 ಕೆಜಿ ತೂಕ. ಮರ ಹತ್ತಿ ಅಭ್ಯಾಸ ಇರುವವಳು, ಹೆದರಿಕೆ ಇಲ್ಲ. ನಮ್ಮ ಹಾಲ್‌ಗೆ ಕಬ್ಬಿಣದ ಟ್ರಸ್ (ಛಾವಣಿ ಹೊರುವ ಚೌಕಟ್ಟು) ಮೇಲೆ ಶೀಟ್ ಹೊದಿಸಿದೆ. ವೇದಿಕೆಯಿಂದ ಟ್ರಸ್‌ಗೆ 14 ಅಡಿ. ಅಲ್ಲಿ ಒಂದು ರಾಟೆ ಕಟ್ಟಿ, ತೋಟದಲ್ಲಿ ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವುದಕ್ಕೆ, ಬಳಸುವ ನೈಲಾನ್ ಹಗ್ಗ ಹಾಕಿ, ಇಬ್ಬರು ಪಿ.ಟಿ. ಮೇಷ್ಟ್ರು ಎಳೆಯುವುದು ಅಂತ ಯೋಚನೆ. ಒಬ್ಬ ಪೋಷಕರ ರೆಸಾರ್ಟ್‌ನಲ್ಲಿ ಜಿಪ್‌ಲೈನ್ ಹಾರ್ನೆಸ್ (ತಂತಿಯಲ್ಲಿ ಜಾರುವಾಗ ಮೈಗೆ ಬಿಗಿಯುವ ಪಟ್ಟಿ) ಇದೆ, ಕೊಡುತ್ತಾರಂತೆ. ಕೆಳಗೆ ಹಾಸಿಗೆ ಹಾಸುತ್ತೇವೆ. ದಸರಾ ಮೆರವಣಿಗೆಗೆ ಚಲಿಸುವ ಮೂರ್ತಿಗಳ ಮಂಟಪ ಕಟ್ಟುವ ಹುಡುಗರು ಹೈಡ್ರಾಲಿಕ್‌ನಲ್ಲಿ ಎತ್ತಿಕೊಡುತ್ತೇವೆ ಅಂತಲೂ ಹೇಳಿದ್ದಾರೆ. ಪ್ರಿನ್ಸಿಪಾಲರು ಮಾತ್ರ ಒಪ್ಪುತ್ತಿಲ್ಲ. ನಮ್ಮ ಹಗ್ಗ, ಟ್ರಸ್ ಸಾಕಾ? ಮಂಟಪದವರ ದಾರಿ ಸರಿಯಾ? ಇಲ್ಲದಿದ್ದರೆ ಮಕ್ಕಳ ಆಸೆ ಬಿಟ್ಟುಬಿಡಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವ ವ್ಯವಸ್ಥೆಯಲ್ಲಿ ಮಗುವನ್ನು ಎತ್ತಬೇಡಿ. ಒಂದು ಸಲ ಟ್ರಯಲ್ ನೋಡೋಣ ಅಂತಲೂ ಎತ್ತಬೇಡಿ. ನಿಮ್ಮ ಪ್ರಿನ್ಸಿಪಾಲರ ಭಯ ಸರಿಯಾಗಿದೆ. ಹಾಗಂತ ಹಾರುವ ದೃಶ್ಯವನ್ನು ಕೈಬಿಡಬೇಕಾಗಿಲ್ಲ. ಆ ಹುಡುಗಿ ನಿಮ್ಮ ವೇದಿಕೆಯಲ್ಲಿ ಖಂಡಿತ ಹಾರಬಹುದು. ಹೇಗೆ ಅಂತ ಹೇಳುವ ಮೊದಲು ಯಾಕೆ ಬೇಡ ಅನ್ನುವುದು ನಿಮಗೆ ಗೊತ್ತಾಗಬೇಕು. ಇಲ್ಲದಿದ್ದರೆ ನಾಳೆ ಇನ್ಯಾರೋ ಬಂದು "ನಮ್ಮ ಹಗ್ಗ ಜೀಪ್ ಎಳೆಯುತ್ತೆ, ಮಗು ಯಾವ ಲೆಕ್ಕ" ಅಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ರಂಗದ ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಅದೇ. ಮಗು ಹಗುರ, ಹಾಗಾಗಿ ಅಪಾಯ ಕಡಿಮೆ ಅನ್ನುವುದು. ಲೆಕ್ಕ ಹಾಕಿ ನೋಡೋಣ. ಮಗು 25 ಕೆಜಿ. ಹಾರ್ನೆಸ್, ಬಟ್ಟೆ, ರೆಕ್ಕೆ ಸೇರಿ 30 ಅಂತ ಇಟ್ಟುಕೊಳ್ಳಿ. ಹಗ್ಗ ರಾಟೆಯ ಮೇಲೆ ಹಾದು ಈ ಕಡೆ ಇಳಿಯುತ್ತದೆ, ಮೇಷ್ಟ್ರು ಅದನ್ನು ಕೆಳಕ್ಕೆ ಎಳೆಯುತ್ತಾರೆ. ರಾಟೆಯ ಒಂದು ಬದಿಯಲ್ಲಿ ಮಗುವಿನ 30 ಕೆಜಿ, ಇನ್ನೊಂದು ಬದಿಯಲ್ಲಿ ಅದನ್ನು ತಡೆದು ನಿಲ್ಲಿಸುವ ಅಷ್ಟೇ ಎಳೆತ. ಎರಡೂ ಟ್ರಸ್ ಮೇಲೆಯೇ ಬೀಳುತ್ತವೆ. ಅಂದರೆ ಮಗು ಅಲುಗಾಡದೆ ನೇತಾಡುತ್ತಿದ್ದರೂ ಟ್ರಸ್‌ಗೆ 60 ಕೆಜಿ ಹತ್ತಿರ ಭಾರ. ಮಗುವನ್ನು ಜೋಕಾಲಿಯಂತೆ ದೊಡ್ಡದಾಗಿ ತೂಗಿದರೆ, ಕೆಳಗೆ ಹಾದುಹೋಗುವ ಗಳಿಗೆಯಲ್ಲಿ ಹಗ್ಗದ ಮೇಲಿನ ಎಳೆತ ಒಂದೂವರೆಯಿಂದ ಎರಡು ಪಟ್ಟು ಆಗುತ್ತದೆ.

ಇದಕ್ಕಿಂತ ಕೆಟ್ಟದ್ದು ಜಗ್ಗು. ಒಬ್ಬ ಮೇಷ್ಟ್ರ ಕೈ ಜಾರಿತು, ಹಗ್ಗ ಅರ್ಧ ಮೀಟರ್ ಸಡಿಲವಾಯಿತು, ಇನ್ನೊಬ್ಬರು ಗಟ್ಟಿ ಹಿಡಿದರು ಅಂದುಕೊಳ್ಳಿ. ಮಗು ಅರ್ಧ ಮೀಟರ್ ಬಿದ್ದು ಥಟ್ಟನೆ ನಿಲ್ಲುತ್ತದೆ. ಹಗ್ಗ ಹಿಗ್ಗಿ, ಐದು ಸೆಂಟಿಮೀಟರ್ ದೂರದಲ್ಲಿ ಆ ಬೀಳುವಿಕೆ ನಿಂತರೆ, ಎಳೆತ ತೂಕದ ಹನ್ನೊಂದು ಪಟ್ಟು ಆಗುತ್ತದೆ. 30 ಕೆಜಿ ಇದ್ದದ್ದು ಆ ಒಂದು ಗಳಿಗೆಗೆ 330 ಕೆಜಿ. ಹಗ್ಗ ಅದನ್ನು ತಡೆಯಬಹುದು. ಟ್ರಸ್‌ಗೆ ಕಟ್ಟಿದ ರಾಟೆಯ ಕೊಕ್ಕೆ ತಡೆಯುತ್ತದಾ? ಮಗುವಿನ ಸೊಂಟ, ಬೆನ್ನುಮೂಳೆ ತಡೆಯುತ್ತವಾ? ಮನುಷ್ಯರನ್ನು ಎತ್ತುವ ಕೆಲಸದಲ್ಲಿ ಹಗ್ಗ, ಕೊಕ್ಕೆ, ರಾಟೆ ಎಲ್ಲವೂ ಕನಿಷ್ಠ ಹತ್ತು ಪಟ್ಟು ಭಾರ ತಡೆಯುವಂತಿರಬೇಕು ಅಂತ ನಾವು ಹಟ ಹಿಡಿಯುವುದು ಇದಕ್ಕೇ.

ಇನ್ನು ಮರಗಸಿ ಹಗ್ಗದ ವಿಷಯ. ಅದು ಕೊಂಬೆಗಳಿಗೆ ಉಜ್ಜಿದೆ, ಮಳೆಯಲ್ಲಿ ನೆಂದಿದೆ, ಬಿಸಿಲಲ್ಲಿ ಒಣಗಿದೆ, ಬಹುಶಃ ಕೆಲವು ಕಡೆ ಕತ್ತಿಯ ಬಾಯಿಯೂ ತಾಗಿದೆ. ನೈಲಾನ್ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ, ನೋಡಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದು ಗಂಟು ಹಾಕಿದರೆ ಹಗ್ಗದ ಬಲ ಮೂರನೇ ಒಂದು ಭಾಗದಷ್ಟು ಇಳಿಯಬಹುದು. ಇನ್ನೊಂದು ತೊಂದರೆಯನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಆ ಹಗ್ಗ ಮೂರು ಎಳೆ ಹೊಸೆದದ್ದಾಗಿದ್ದರೆ, ತುದಿಗೆ ಒಂದು ಮೂಟೆ ಕಟ್ಟಿ ನೆಲದಿಂದ ಒಂದು ಗೇಣು ಎತ್ತಿ. ಮೂಟೆ ತಾನಾಗಿಯೇ ತಿರುಗಲು ಶುರು ಮಾಡುತ್ತದೆ. ಭಾರ ಬಿದ್ದಾಗ ಹೊಸೆತ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಹಾಗೆ. ನಿಮ್ಮ ಹುಡುಗಿಯೂ ಪ್ರೇಕ್ಷಕರಿಗೆ ಒಮ್ಮೆ ಮುಖ, ಒಮ್ಮೆ ಬೆನ್ನು ತೋರಿಸುತ್ತಾ ತಿರುಗುತ್ತಿರುತ್ತಾಳೆ.

ಆದರೂ ನಿಜವಾದ ಭಯ ನನಗೆ ಹಗ್ಗದ್ದಲ್ಲ. ಹಗ್ಗ ಹೊಸದು ತರಬಹುದು. ಭಯ ಇರುವುದು ಛಾವಣಿಯದ್ದು.

ಶೀಟ್ ಹೊದಿಸಿದ ಟ್ರಸ್‌ನ ಲೆಕ್ಕ ಬೇರೆ. ಶೀಟಿನ ತೂಕ, ಗಾಳಿಯ ಒತ್ತಡ, ರಿಪೇರಿಗೆ ಹತ್ತುವವರ ಭಾರ, ಇವು ಇಡೀ ಛಾವಣಿಗೆ ಹರಡಿಕೊಳ್ಳುತ್ತವೆ ಅಂತ ಲೆಕ್ಕ ಹಾಕಿ ಅದನ್ನು ಕಟ್ಟಿರುತ್ತಾರೆ. ಅಡ್ಡಪಟ್ಟಿಯ ನಡುವೆ ಒಂದೇ ಜಾಗದಲ್ಲಿ, ಅದೂ ಅತ್ತಿತ್ತ ಎಳೆಯುವ ಭಾರ ಅದರ ಲೆಕ್ಕದಲ್ಲೇ ಇಲ್ಲ. ಇನ್ನು ನಮ್ಮ ಕೊಡಗಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಛಾವಣಿಯ ಕೆಳಗಿನ ಗಾಳಿ ಒಣಗುವುದೇ ಇಲ್ಲ. ಶೀಟಿನ ಅಡಿಯಲ್ಲಿ ನೀರು ಹನಿಗಟ್ಟಿ ಬೆಸುಗೆಯ ಮೇಲೇ ಕೂರುತ್ತದೆ. ದಕ್ಷಿಣ ಕೊಡಗಿನ ಒಂದು ಹಾಲ್‌ನಲ್ಲಿ ಲೈಟ್ ಕಟ್ಟುವುದಕ್ಕೆ ಮುಂಚೆ ನಾನು ಏಣಿ ಹಾಕಿ ಟ್ರಸ್ ನೋಡಿದೆ. ಕೆಳಗಿಂದ ನೋಡಿದರೆ ಬೂದು ಬಣ್ಣ ಚೆನ್ನಾಗಿಯೇ ಇತ್ತು. ಹತ್ತಿರ ಹೋದಾಗ ಬೆಸುಗೆಯ ಮೇಲಂಚಿನಲ್ಲಿ ಬಣ್ಣ ಉಬ್ಬಿಕೊಂಡಿತ್ತು. ಸ್ಪ್ಯಾನರ್ ತುದಿಯಲ್ಲಿ ಮೆಲ್ಲಗೆ ತಟ್ಟಿದೆ. ಬಿಸ್ಕತ್ತಿನಷ್ಟು ದಪ್ಪದ ತುಕ್ಕಿನ ಪದರ ಕಳಚಿ ಕೈಗೆ ಬಂತು. ಗೋಡೆಯ ಕಡೆ ನಾಲ್ಕು ಬೋಲ್ಟ್ ಇರಬೇಕಾದ ಪ್ಲೇಟ್‌ನಲ್ಲಿ ಇದ್ದದ್ದು ಎರಡು. ಆ ಛಾವಣಿ ಬೀಳುವ ಸ್ಥಿತಿಯಲ್ಲೇನೂ ಇರಲಿಲ್ಲ. ಶೀಟನ್ನು ಹೊತ್ತು ನಿಲ್ಲುವುದಕ್ಕೆ ಅದು ಸಾಕಿತ್ತು. ಮಗುವನ್ನು ಹೊರುವುದಕ್ಕೆ ಸಾಕಾಗುತ್ತಿರಲಿಲ್ಲ. ನಿಮ್ಮ ಟ್ರಸ್ ಹಾಗೇ ಇದೆ ಅಂತ ನಾನು ಹೇಳುತ್ತಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಮೇಲೆ ಹತ್ತಿ ನೋಡಿ, ಲೆಕ್ಕ ಹಾಕಿ, ಸಹಿ ಮಾಡುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ ಅಂತ ಹೇಳುತ್ತಿದ್ದೇನೆ. ಹಳೆಯ ಹೆಂಚಿನ ಹಾಲ್‌ಗಳ ಮರದ ತೊಲೆಗೂ ಇದೇ ಮಾತು. ಗೆದ್ದಲು ಒಳಗಿಂದ ತಿನ್ನುತ್ತದೆ.

ಈಗ ಜಿಪ್‌ಲೈನ್ ಹಾರ್ನೆಸ್. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಹಾರ್ನೆಸ್ ಅಂದರೆ ಹಾರ್ನೆಸ್, ಯಾವುದಾದರೂ ಆಗುತ್ತೆ ಅಂತ. ಜಿಪ್‌ಲೈನ್‌ನದ್ದು ಕೂರುವುದಕ್ಕೆ ಮಾಡಿದ್ದು, ಕೊಂಡಿ ಹೊಟ್ಟೆಯ ಮುಂದೆ ಇರುತ್ತದೆ. ಅದರಲ್ಲಿ ಮಗು ಹಕ್ಕಿಯಂತೆ ಬೋರಲು ಮಲಗಲು ಆಗುವುದೇ ಇಲ್ಲ. ಪ್ರಯತ್ನ ಪಟ್ಟರೆ ಅಂಗಾತ ಆಗುತ್ತದೆ, ಇಲ್ಲವೇ ತಲೆ ಕೆಳಗಾಗುತ್ತದೆ. ಒಂಬತ್ತು ವರ್ಷದ ಮಗುವಿನ ಸೊಂಟದ ಮೂಳೆಯ ಸುತ್ತಳತೆಗೂ ಅದರ ಮೇಲಿನ ನಡುವಿನ ಸುತ್ತಳತೆಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಬೆಲ್ಟ್ ನಿಲ್ಲುವುದಕ್ಕೆ ಸೊಂಟದ ಮೂಳೆಯ ಆಧಾರ ಇನ್ನೂ ಬೆಳೆದಿರುವುದಿಲ್ಲ. ತಲೆಕೆಳಗಾದ ಮಗು ಸೊಂಟದ ಹಾರ್ನೆಸ್‌ನಿಂದ ಜಾರಿಹೋಗಬಹುದು. ಬಂಡೆ ಹತ್ತುವ ಚಿಕ್ಕ ಮಕ್ಕಳಿಗೆ ಎದೆ, ಭುಜ ಎಲ್ಲ ಸೇರಿಸಿ ಹಿಡಿಯುವ ಬೇರೆ ಹಾರ್ನೆಸ್ ಇರುವುದು ಈ ಕಾರಣಕ್ಕೆ. ಯುರೋಪಿನ ಇಎನ್ 12277 ಮಾನದಂಡದಲ್ಲಿ 40 ಕೆಜಿವರೆಗಿನವರಿಗೆ ಅಂತಲೇ ಟೈಪ್ ಬಿ ಎಂಬ ವರ್ಗ ಇದೆ. ಅದು ಕೂಡ ಬಿದ್ದಾಗ ಹಿಡಿಯುವುದಕ್ಕೆ, ಹಾರಿಸುವುದಕ್ಕಲ್ಲ.

ಅಂಗಡಿಯಲ್ಲಿ ಐಎಸ್ 3521 ಎಂಬ ಭಾರತೀಯ ಮಾನದಂಡದ ಗುರುತಿನ ಸೇಫ್ಟಿ ಹಾರ್ನೆಸ್ ಸಿಗುತ್ತದೆ, ಅದು ಆಗಬಹುದಾ ಅಂತ ನೀವು ಮುಂದೆ ಕೇಳಬಹುದು. ಅದು ಕಟ್ಟಡ ಕೆಲಸದ ದೊಡ್ಡವರಿಗೆ. ಬೆನ್ನಿನ ಕೊಂಡಿಯಲ್ಲಿ ನೇತಾಡಿದರೆ ತೊಡೆಸಂದಿಯ ಪಟ್ಟಿ ಕೊರೆಯುತ್ತದೆ. ಸ್ವಲ್ಪ ಹೊತ್ತು ಅಲ್ಲಾಡದೆ ನೇತಾಡಿದರೂ ಕಾಲಿನ ರಕ್ತ ಮೇಲೆ ಬರದೆ ತಲೆ ಸುತ್ತುತ್ತದೆ. ರಂಗದ ಹಾರಾಟಕ್ಕೇ ಮಾಡಿದ ಹಾರ್ನೆಸ್‌ನಲ್ಲಿ ಸೊಂಟದ ಎರಡೂ ಪಕ್ಕದಲ್ಲಿ ಒಂದೊಂದು ಕೊಂಡಿ ಇರುತ್ತದೆ, ಎರಡು ತಂತಿ. ದೇಹದ ತೂಕದ ನಡುಬಿಂದು ಅಲ್ಲೇ ಇರುವುದರಿಂದ ನಟ ಸುಲಭವಾಗಿ ಬೋರಲಾಗಬಹುದು, ನೆಟ್ಟಗೆ ನಿಲ್ಲಬಹುದು, ಗಿರಗಿರನೆ ತಿರುಗುವುದೂ ಇಲ್ಲ. ಅದನ್ನು ಒಬ್ಬೊಬ್ಬರ ಮೈಗೆ ಹೊಂದಿಸಿ ಕಟ್ಟಬೇಕು.

ಹಾಸಿಗೆ ಬಗ್ಗೆ ಒಂದೇ ಮಾತು. ನಿಂತು ಕೆಳಕ್ಕೆ ಜಿಗಿಯುವವರಿಗೆ ಅದು ಸರಿ. ಬೋರಲಾಗಿ, ತಲೆ ಮುಂದಾಗಿ ಬೀಳುವ ಮಗುವಿನ ಕತ್ತನ್ನು ಅದು ಉಳಿಸುವುದಿಲ್ಲ.

ಮಂಟಪದ ಹುಡುಗರ ಮಾತಿಗೆ ಬರುತ್ತೇನೆ. ಮಡಿಕೇರಿ, ಗೋಣಿಕೊಪ್ಪದ ದಶಮಂಟಪ ನೋಡಿದವರಿಗೆ ಆ ಹುಡುಗರ ಕೈಚಳಕದ ಬಗ್ಗೆ ಅನುಮಾನ ಇರುವುದಿಲ್ಲ. ಟ್ರ್ಯಾಕ್ಟರ್ ಮೇಲೆ ಅಷ್ಟೆತ್ತರದ ರಾಕ್ಷಸನನ್ನು ಎಬ್ಬಿಸಿ, ಕತ್ತು ತಿರುಗಿಸಿ, ಬಾಯಲ್ಲಿ ಹೊಗೆ ಬಿಡಿಸುವುದು ಸಣ್ಣ ಕೆಲಸ ಅಲ್ಲ. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಆ ಯಂತ್ರಗಳನ್ನು ಮೂರ್ತಿಗಳಿಗೆ ಅಂತ ಮಾಡಿರುತ್ತಾರೆ. ಮೂರ್ತಿಗೆ ಬೆರಳು ಸಿಕ್ಕಿಹಾಕಿಕೊಳ್ಳುವುದಿಲ್ಲ, ಗಾಬರಿಯಾಗಿ ಕೈಕಾಲು ಆಡಿಸುವುದಿಲ್ಲ. ಎಣ್ಣೆಯ ಪೈಪ್ ಒಡೆದರೆ ತೋಳು ಒಮ್ಮೆಗೇ ಕೆಳಗೆ ಬರುತ್ತದೆ. ಅದನ್ನು ತಡೆಯುವ ಲಾಕ್ ವಾಲ್ವ್ ಸಿಲಿಂಡರ್‌ನ ಬಾಯಿಯಲ್ಲೇ ಇರಬೇಕು. ಬಾಡಿಗೆಗೆ ತಂದ ಜ್ಯಾಕ್‌ನಲ್ಲಿ ಅದು ಇದೆಯೋ ಇಲ್ಲವೋ ಹೊರಗಿಂದ ಕಾಣುವುದಿಲ್ಲ. ಮೋಟಾರ್‌ನಲ್ಲಿ ಎತ್ತಿದರೆ ಕರೆಂಟ್‌ನ ಪ್ರಶ್ನೆ ಬರುತ್ತದೆ. ನಮ್ಮ ಕಡೆ ಕರೆಂಟ್ ಹೋಗುವುದು ಹೊಸದೇನಲ್ಲ. ಜನರೇಟರ್ ಶುರುವಾಗುವವರೆಗೆ ಮಗು ಕತ್ತಲಲ್ಲಿ ಮೇಲೆ ನೇತಾಡುತ್ತಿರುತ್ತದೆ. ಹಾಗಾಗಿ ಎತ್ತುವ ಕೆಲಸ ಅವರಿಗೆ ಕೊಡಬೇಡಿ. ಬೇರೆ ಒಂದು ಕೆಲಸಕ್ಕೆ ಅವರೇ ಬೇಕು, ಅದನ್ನು ಮುಂದೆ ಹೇಳುತ್ತೇನೆ.

"ಹಾಗಾದರೆ ದೊಡ್ಡವರೆಲ್ಲ ಹೇಗೆ ಮಾಡುತ್ತಾರೆ?" ಅಂತ ನೀವು ಕೇಳಬಹುದು. 1885ರಲ್ಲಿ ಶುರುವಾದ ಆಂಧ್ರದ ಸುರಭಿ ನಾಟಕದವರು ನಾರದನನ್ನು ಮೋಡದಲ್ಲಿ ಇಳಿಸುವುದನ್ನು ನೋಡಿಯೇ ನಮ್ಮಲ್ಲಿ ಬಹಳ ಜನ ಬೆಳೆದಿದ್ದೇವೆ. ಅದು ಕುಟುಂಬದವರೇ ತಲೆಮಾರಿನಿಂದ ನಡೆಸಿಕೊಂಡು ಬಂದ ಕಸುಬು. ಮೇಲೆ ಹೋಗುವವರಿಗೂ ಹಗ್ಗ ಹಿಡಿಯುವವರಿಗೂ ಒಬ್ಬರ ಕೈ ಒಬ್ಬರಿಗೆ ಗೊತ್ತು. ಸಿನಿಮಾದಲ್ಲಿ ತಂತಿ ಕಟ್ಟಿ ಹಾರಿಸುವುದು ಇನ್ನೊಂದು ಥರ. ಅಲ್ಲಿ ಕೆಲವೇ ಸೆಕೆಂಡಿನ ಶಾಟ್, ತಪ್ಪಾದರೆ ಕಟ್, ತಂತಿಯನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಅಳಿಸುತ್ತಾರೆ. ವೇದಿಕೆಯಲ್ಲಿ ಕಟ್ ಹೇಳುವವರು ಇಲ್ಲ. ನ್ಯೂಯಾರ್ಕ್‌ನ ಹೆಸರಾಂತ ರಂಗಮಂದಿರಗಳಿರುವ ಬ್ರಾಡ್‌ವೇಯಂಥ ಕಡೆ, ದುಡ್ಡಿಗೆ, ಎಂಜಿನಿಯರ್‌ಗಳಿಗೆ ಏನೂ ಕೊರತೆ ಇಲ್ಲದ ಪ್ರದರ್ಶನದಲ್ಲಿ, 2010ರಲ್ಲಿ ಒಬ್ಬ ನಟ ಪ್ರೇಕ್ಷಕರ ಎದುರೇ ಬಿದ್ದು ತೀವ್ರವಾಗಿ ಗಾಯಗೊಂಡ. ಕಾರಣ, ಬೆನ್ನಿನ ಸುರಕ್ಷತಾ ಹಗ್ಗವನ್ನು ಇನ್ನೊಂದು ತುದಿಯಲ್ಲಿ ಸಿಕ್ಕಿಸಿರಲಿಲ್ಲ. ಒಂದೇ ಒಂದು ಕೊಂಡಿ.

ನಿಮ್ಮ ಶಾಲೆಗೆ ದುಡ್ಡು ಇದೆ, ತಂತಿಯಲ್ಲೇ ಹಾರಿಸಬೇಕು ಅಂತ ಆಡಳಿತ ಮಂಡಳಿ ನಿರ್ಧರಿಸಿದರೆ, ರಂಗದ ಮೇಲೆ ಮನುಷ್ಯರನ್ನು ಹಾರಿಸಿ ಅನುಭವ ಇರುವ ತಂಡವನ್ನೇ ಕರೆಸಬೇಕು. ಅವರು ನಿಮ್ಮ ಛಾವಣಿಯನ್ನು ಮುಟ್ಟದೆ, ನೆಲದಿಂದಲೇ ತಮ್ಮ ಟ್ರಸ್ ನಿಲ್ಲಿಸಬೇಕು. ಹಾಗೆ ನಿಲ್ಲಿಸಲು ನಿಮ್ಮ ವೇದಿಕೆಯ ನೆಲ ತಡೆಯುತ್ತದಾ ಅಂತ ಎಂಜಿನಿಯರ್ ನೋಡಬೇಕು. ಮಗುವಿನ ಅಳತೆಯ ಹಾರಾಟದ ಹಾರ್ನೆಸ್ ಇದೆಯಾ, ಹಗ್ಗ ನಿರ್ವಹಿಸುವವರು ತರಬೇತಿ ಪಡೆದವರಾ, ಮಗು ಮೇಲೆ ಸಿಕ್ಕಿಕೊಂಡರೆ ಎಷ್ಟು ನಿಮಿಷದಲ್ಲಿ ಹೇಗೆ ಇಳಿಸುತ್ತೀರಿ, ವಿಮೆ ಇದೆಯಾ, ಇಷ್ಟನ್ನು ಬರಹದಲ್ಲಿ ಕೇಳಿ. ಅಮೆರಿಕದಲ್ಲಿ ನಟರನ್ನು ಹಾರಿಸುವುದಕ್ಕೇ ಎಎನ್‌ಎಸ್‌ಐ ಇ1.43 ಎಂಬ ಪ್ರತ್ಯೇಕ ಮಾನದಂಡ ಇದೆ. ಆ ಹೆಸರು ಹೇಳಿದಾಗ ಎದುರಿನವರಿಗೆ ಏನೂ ಹೊಳೆಯದಿದ್ದರೆ ಎರಡು ಸಲ ಯೋಚಿಸಿ. ತಂಡದವರು ಬರಿ "ಏನೂ ಆಗಲ್ಲ ಸಾರ್" ಅಂದರೆ ಅಲ್ಲಿಗೇ ಕೈಮುಗಿಯಿರಿ. ಒಳ್ಳೆಯ ತಂಡ ಏನೇನು ಆಗಬಹುದು ಅಂತ ತಾನೇ ಮೊದಲು ಹೇಳುತ್ತದೆ.

ಇಷ್ಟೆಲ್ಲ ಮಾಡಿದರೂ ನಿಮ್ಮ ಹಾಲ್‌ನಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ. ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. 14 ಅಡಿ ಅಂದರೆ ನಾಲ್ಕೂಕಾಲು ಮೀಟರ್. ಮಗು ನೆಲದಿಂದ ಮೇಲೆ ಇರಬೇಕು, ಮಗುವಿನ ದೇಹಕ್ಕೆ ಒಂದಿಷ್ಟು ಜಾಗ, ಉಳಿಯುವ ತಂತಿ ಸುಮಾರು ಎರಡು ಮೀಟರ್. ಎರಡು ಮೀಟರ್ ತಂತಿಯಲ್ಲಿ ತೂಗಿದರೆ ಒಮ್ಮೆ ಹೋಗಿ ಬರಲು ಮೂರು ಸೆಕೆಂಡ್ ಕೂಡ ಹಿಡಿಯುವುದಿಲ್ಲ. ಆರು ಮೀಟರ್ ಇದ್ದರೆ ಐದು ಸೆಕೆಂಡ್ ಹತ್ತಿರ. ದೊಡ್ಡ ರಂಗಮಂದಿರಗಳಲ್ಲಿ ಹಾರಾಟ ನಿಧಾನವಾಗಿ, ತೇಲಿದಂತೆ ಕಾಣುವುದು ಆ ಉದ್ದನೆಯ ತಂತಿಯಿಂದ. ನಿಮ್ಮಲ್ಲಿ ಅದು ಗಡಿಬಿಡಿಯ ಉಯ್ಯಾಲೆ ಆಗುತ್ತದೆ. ಮಂಗಟ್ಟೆ ಹಾಗೆ ಹಾರುವುದಿಲ್ಲ, ಅಲ್ವಾ?

ಹಾಗಾಗಿ ನನ್ನ ಸಲಹೆ, ಮಗುವನ್ನು ಕೆಳಗಿಂದ ಎತ್ತಿ. ಹಾರುವುದು ಅಂದರೆ ಎತ್ತರ ಅಂತ ನಾವು ಅಂದುಕೊಂಡಿದ್ದೇವೆ. ನೋಡುವವರ ಕಣ್ಣಿಗೆ ಎತ್ತರಕ್ಕಿಂತ ಮುಖ್ಯವಾದದ್ದು ಬೇರೆ ಎರಡು ಇವೆ. ಒಂದು, ಕಾಲ ಕೆಳಗೆ ಏನೂ ಇಲ್ಲ ಅನ್ನಿಸುವುದು. ಇನ್ನೊಂದು, ಸುತ್ತಲಿನ ಲೋಕ ಹಿಂದಕ್ಕೆ ಸರಿಯುವುದು. ಇವೆರಡನ್ನೂ ಒಂದು ಗಾಡಿ, ನಾಲ್ಕು ಗುಡ್ಡ, ಸ್ವಲ್ಪ ಬೆಳಕಿನಲ್ಲಿ ಮಾಡಬಹುದು.

ಗಾಡಿಯ ವಿವರ ಹೇಳುತ್ತೇನೆ. ತಳ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ. ಅದರ ನಡುವೆ ಕಂಬ, ಮೇಲೆ ಮಗು ಬೋರಲು ಮಲಗುವ ಹಲಗೆ. ಹಲಗೆ ವೇದಿಕೆಯಿಂದ ಮೂರು ಅಡಿ ಎತ್ತರಕ್ಕಿಂತ ಜಾಸ್ತಿ ಬೇಡ. ತಳದ ಅಗಲ ಯಾವಾಗಲೂ ಹಲಗೆಯ ಎತ್ತರಕ್ಕಿಂತ ಹೆಚ್ಚೇ ಇರಬೇಕು, ಇಲ್ಲದಿದ್ದರೆ ಗಾಡಿ ವಾಲುತ್ತದೆ. ತಳದ ಮೇಲೆ ಮರಳು ಚೀಲ ಹೇರಿ, ಭಾರ ಕೆಳಗಿರಲಿ. ಹಲಗೆ ಎದೆಯಿಂದ ತೊಡೆಯ ಅರ್ಧದವರೆಗೆ ಇದ್ದರೆ ಸಾಕು. ಆಗ ಕೈ ಎರಡೂ ರೆಕ್ಕೆಯಂತೆ ಆಡಿಸಲು ಬಿಡುವು ಸಿಗುತ್ತದೆ, ಕಾಲು ಹಿಂದಕ್ಕೆ ಚಾಚಬಹುದು. ಎರಡು ಇಂಚು ಫೋಮ್ ಹಾಕಿ. ಸೊಂಟಕ್ಕೊಂದು, ಬೆನ್ನಿಗೊಂದು ಅಗಲವಾದ ಬೆಲ್ಟ್ ಇರಲಿ. ಬಕಲ್ ತೆಗೆಯುವ ಕೆಲಸ ಗಾಡಿಯ ಪಕ್ಕದಲ್ಲೇ ಇರುವ ಒಬ್ಬ ದೊಡ್ಡವರದ್ದು, ಬೇರೆ ಯಾರದ್ದೂ ಅಲ್ಲ.

ಚಕ್ರದ ಮೇಲೆ ಗಮನ ಇಡಿ. ಹೆಚ್ಚಿನವರು ಇಲ್ಲೇ ದುಡ್ಡು ಉಳಿಸಲು ಹೋಗುತ್ತಾರೆ. ಕುರ್ಚಿಗೆ ಹಾಕುವ ಸಣ್ಣ ಚಕ್ರ ವೇದಿಕೆಯ ಹಲಗೆಗಳ ಸಂದಿಯಲ್ಲಿ, ಮೈಕ್ ವೈರ್ ಮೇಲೆ ತಡೆದು ನಿಲ್ಲುತ್ತದೆ. ಗಾಡಿ ನಿಂತರೂ ಮೇಲಿನ ಮಗು ಮುಂದಕ್ಕೆ ಎಳೆಯಲ್ಪಡುತ್ತದೆ. ಐದು ಇಂಚಿನ ರಬ್ಬರ್ ಚಕ್ರ, ನಾಲ್ಕಕ್ಕೂ ಬ್ರೇಕ್ ಇರುವುದು ಹಾಕಿಸಿ. ವೇದಿಕೆಯ ಮೇಲೆ ಗಾಡಿ ಹೋಗುವ ದಾರಿಯಲ್ಲಿ ಒಂದೂ ವೈರ್ ಇರಬಾರದು. ವೇದಿಕೆಯ ಅಂಚಿಗೆ ಮುಂಚೆ, ಚಕ್ರ ದಾಟದಂತೆ ಮರದ ಪಟ್ಟಿ ಹೊಡೆಸಿ.

ಮಗು ಮಲಗುವ ಮೊದಲು ಒಂದು ಮೂಟೆ ಚೆರಿ ಕಾಫಿ ಮಲಗಲಿ. 50 ಕೆಜಿ, ನಿಮ್ಮ ಹುಡುಗಿಯ ಎರಡು ಪಟ್ಟು. ಬೆಲ್ಟ್ ಬಿಗಿದು ತಳ್ಳಿ, ಗಕ್ಕನೆ ನಿಲ್ಲಿಸಿ, ತಿರುಗಿಸಿ, ಪಕ್ಕಕ್ಕೆ ಜಗ್ಗಿ. ಒಂದು ಚಕ್ರ ನೆಲ ಬಿಟ್ಟು ಎದ್ದರೂ ತಳ ಅಗಲ ಮಾಡಬೇಕು, ಇಲ್ಲವೇ ಮರಳು ಹೆಚ್ಚಿಸಬೇಕು. ಬೆಸುಗೆ ಕಿರ್ ಅಂದರೂ ವಾಪಸ್ ವರ್ಕ್‌ಶಾಪ್‌ಗೆ. ಈ ಗಾಡಿಯನ್ನು ಮಾಡಿಕೊಡಲು ನಿಮ್ಮ ಮಂಟಪದ ಹುಡುಗರಿಗಿಂತ ಒಳ್ಳೆಯವರು ಬೇರೆ ಸಿಗುವುದಿಲ್ಲ. ಆ ಕೈಗಳಿಗೆ ಇದು ತಕ್ಕ ಕೆಲಸ.

ಗಾಡಿ ಕಾಣಬಾರದು. ಶಾಲೆಯ ಹಾಲ್‌ಗಳಲ್ಲಿ ಮುಂದಿನ ಸಾಲಿನವರು ಕೆಳಗೆ ಕೂರುತ್ತಾರೆ, ವೇದಿಕೆಯ ಮುಂದಂಚೇ ಅವರಿಗೆ ಚೆನ್ನಾಗಿ ಕಾಣುವುದು. ಅಲ್ಲಿ ಮೂರು ಅಡಿ ಎತ್ತರದ ಗುಡ್ಡಗಳ ಸಾಲನ್ನು ರಟ್ಟಿನಲ್ಲೋ ತೆಳು ಪ್ಲೈನಲ್ಲೋ ಕತ್ತರಿಸಿ ನಿಲ್ಲಿಸಿ. ಗಾಡಿ ಅದರ ಹಿಂದೆ ಹೋಗುತ್ತದೆ. ಹುಡುಗಿ ಮಾತ್ರ ಗುಡ್ಡಗಳ ಮೇಲೆ ಕಾಣುತ್ತಾಳೆ. ಅವಳ ಹಿಂದೆ ಇನ್ನೊಂದು ಸಾಲು ಗುಡ್ಡ. ಎರಡೂ ಸಾಲಿನ ಗುಡ್ಡಗಳನ್ನು ಮಕ್ಕಳು ಹಿಡಿದುಕೊಂಡು ಅವಳ ಎದುರು ದಿಕ್ಕಿಗೆ ನಡೆಯಲಿ. ಮುಂದಿನದು ಬೇಗ, ಹಿಂದಿನದು ನಿಧಾನ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಮರ ಓಡುತ್ತದೆ, ದೂರದ ಬೆಟ್ಟ ಮೆಲ್ಲಗೆ ಸರಿಯುತ್ತದೆ. ಕಣ್ಣಿಗೆ ಆ ಲೆಕ್ಕ ಗೊತ್ತು. ಹುಡುಗಿ ನಿಜವಾಗಿ ಹೋಗುವುದು ಐದಾರು ಅಡಿ. ನೋಡುವವರಿಗೆ ಅವಳು ಬೆಟ್ಟಗಳನ್ನೇ ದಾಟುತ್ತಿರುತ್ತಾಳೆ. ಇದರಲ್ಲಿ ನನಗೆ ಇನ್ನೂ ಇಷ್ಟವಾಗುವ ಸಂಗತಿ ಅಂದರೆ, ತಂತಿಯಲ್ಲಾದರೆ ಒಂದೇ ಮಗು ಹಾರುತ್ತದೆ, ಉಳಿದವರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಇಲ್ಲಿ ಗುಡ್ಡ ಹಿಡಿದ ಹತ್ತು ಮಕ್ಕಳೂ ಸೇರಿ ಅವಳನ್ನು ಹಾರಿಸುತ್ತಾರೆ.

ಬೆಳಕು ಮೇಲಿನಿಂದ ಬೇಡ. ಎರಡೂ ಪಕ್ಕದಿಂದ, ಹಲಗೆಯ ಎತ್ತರಕ್ಕೆ ಸರಿಯಾಗಿ ಬರಲಿ. ಆಗ ಮೈ ಮೇಲೆ ಬೆಳಕು, ನೆಲಕ್ಕೆ ಕತ್ತಲು. ನೆಲಕ್ಕೆ ಕಪ್ಪು ಬಟ್ಟೆ ಹಾಸಿದರೆ ಇನ್ನೂ ಒಳ್ಳೆಯದು, ಆದರೆ ಗಾಡಿಯ ದಾರಿಯಲ್ಲಿ ಅದನ್ನು ಬಿಗಿಯಾಗಿ ಅಂಟಿಸಿ. ಹಿಂದಿನ ಪರದೆಯಿಂದ ಗಾಡಿ ಆರು ಅಡಿ ದೂರ ಇರಲಿ, ಇಲ್ಲದಿದ್ದರೆ ಗಾಡಿಯ ನೆರಳು ಪರದೆ ಮೇಲೆ ಬಿದ್ದು ಗುಟ್ಟು ಬಯಲಾಗುತ್ತದೆ.

ಮಂಜು ಬೇಕು ಅಂತ ಖಂಡಿತ ಯಾರಾದರೂ ಹೇಳುತ್ತಾರೆ. ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಅಂದಮೇಲೆ ಮಂಜು ಇರಬೇಕಲ್ವಾ! ಮದುವೆ ಮನೆಗಳಲ್ಲಿ ಹಾಕುವ ಡ್ರೈ ಐಸ್ ತರಬೇಡಿ. ಅದು ಇಂಗಾಲದ ಡೈಆಕ್ಸೈಡ್. ಗಾಳಿಗಿಂತ ಭಾರವಾಗಿ ನೆಲದಲ್ಲೇ ನಿಲ್ಲುತ್ತದೆ. ನಿಮ್ಮ ನಾಟಕದಲ್ಲಿ ಗುಡ್ಡದ ಹಿಂದೆ ಬಗ್ಗಿ ಕೂತ ಮಕ್ಕಳು ಇರುವುದೂ ಅಲ್ಲೇ. ನೀರು ಬೆರೆತ ದ್ರವದ ಫಾಗ್ ಮಷಿನ್ ಸ್ವಲ್ಪ ಬಿಟ್ಟರೆ ಸಾಕು. ಅದಕ್ಕೂ ಮೊದಲು ಯಾವ ಮಗುವಿಗೆ ಆಸ್ತಮಾ ಇದೆ ಅಂತ ಪೋಷಕರನ್ನು ಕೇಳಿ. ಒಂದು ಮಗುವಿಗೆ ಇದ್ದರೂ ಮಂಜು ಬೇಡ. ಬಿಳಿ ಸೀರೆಯೊಂದನ್ನು ಇಬ್ಬರು ಹಿಡಿದು ಅಲೆಯಂತೆ ಆಡಿಸಿದರೂ ಮಂಜೇ.

ಇನ್ನು ಕಷ್ಟದ ಗಳಿಗೆ ಹಾರಾಟದ ಶುರು. ನೆಲದಲ್ಲಿ ನಿಂತ ಹುಡುಗಿ ಹಲಗೆಯ ಮೇಲೆ ಹೇಗೆ ಬಂದಳು? ಯಕ್ಷಗಾನದ ತೆರೆ ನೋಡಿ ಕಲಿಯಿರಿ. ಮಂಗಟ್ಟೆಯ ರೆಕ್ಕೆಗಳನ್ನು ಬೆತ್ತ, ಬಟ್ಟೆಯಲ್ಲಿ ದೊಡ್ಡದಾಗಿ ಮಾಡಿ. ಒಂದೊಂದನ್ನು ಒಬ್ಬೊಬ್ಬ ದೊಡ್ಡ ಹುಡುಗ ಹಿಡಿಯಲಿ. ಹಕ್ಕಿ ಬಂದು ರೆಕ್ಕೆ ಮುಂದೆ ಚಾಚಿ ಹುಡುಗಿಯನ್ನು ಮುಚ್ಚುತ್ತದೆ. ಹಾಡಿನ ಎರಡು ಸಾಲು ಮುಗಿಯುವಷ್ಟರಲ್ಲಿ ಅವಳು ಹಿಂದಿನ ಮೆಟ್ಟಿಲಿನಿಂದ ಹಲಗೆಗೆ ಹೋಗಿ, ಬೆಲ್ಟ್ ಬಿಗಿಸಿಕೊಂಡು, ಬೆಲ್ಟ್ ಹಾಕಿದವರು "ಆಯ್ತು" ಅಂತ ಅವಳ ಬೆನ್ನು ತಟ್ಟಬೇಕು. ಆ ತಟ್ಟು ಬರುವವರೆಗೆ ರೆಕ್ಕೆ ತೆರೆಯಬಾರದು. ಹಾಡು ಮುಗಿದರೆ ಇನ್ನೊಮ್ಮೆ ಹಾಡಲಿ, ಪರವಾಗಿಲ್ಲ.

ರೆಕ್ಕೆಯ ಸದ್ದನ್ನು ಮರೆಯಬೇಡಿ. ಕಾಡಿನಲ್ಲಿ ದೊಡ್ಡ ಮಂಗಟ್ಟೆ ತಲೆ ಮೇಲೆ ಹಾದುಹೋದರೆ ನೋಡುವುದಕ್ಕಿಂತ ಮೊದಲು ಕೇಳಿಸುತ್ತದೆ. ನಾಲ್ಕು ದೊಡ್ಡ ಕಪ್ಪು ಕೊಡೆಗಳನ್ನು ಪಕ್ಕದ ಪರದೆಯ ಹಿಂದೆ ಒಟ್ಟಿಗೆ ಅರ್ಧ ತೆರೆದು ಮುಚ್ಚಿ, ತೆರೆದು ಮುಚ್ಚಿ. ಹೂಂಫ್, ಹೂಂಫ್ ಅಂತ ಗಾಳಿಯ ಸದ್ದು ಬರುತ್ತದೆ. ಕೊಡಗಿನಲ್ಲಿ ಕೊಡೆಗೇನು ಬರ.

ನಡುವೆ ಒಮ್ಮೆ ಹುಡುಗಿ ಗುಡ್ಡದ ಹಿಂದೆ ಮರೆಯಾಗಲಿ. ಆಗ ಹಾಲ್‌ನ ಹಿಂಬಾಗಿಲಿನಿಂದ, ಉದ್ದ ಬಿದಿರಿನ ತುದಿಯಲ್ಲಿ, ಒಂದು ಸಣ್ಣ ಮಂಗಟ್ಟೆ ಗೊಂಬೆ, ಅದರ ಬೆನ್ನಲ್ಲಿ ಅದೇ ಬಣ್ಣದ ಲಂಗ ತೊಟ್ಟ ಗೊಂಬೆ ಹುಡುಗಿ ಬರಲಿ. ಪ್ರೇಕ್ಷಕರ ತಲೆ ಮೇಲೆ ಹಾರಿಕೊಂಡು ವೇದಿಕೆಗೆ ಹೋಗಲಿ. ಗೊಂಬೆ ಕಾಗದ, ಬಟ್ಟೆಯದ್ದಾಗಿರಲಿ, ಒಳಗೆ ಕಂಬಿ ಬೇಡ. ತಲೆ ಮೇಲೆ ಹಗ್ಗ ಕಟ್ಟಿ ಜಾರಿಸಬೇಡಿ, ಕೈಯಲ್ಲಿ ಹಿಡಿದು ನಡುದಾರಿಯಲ್ಲಿ ನಡೆಯಲಿ. ಗೊಂಬೆ ಹಿಡಿದವರು ಎಲ್ಲರಿಗೂ ಕಾಣುತ್ತಾರೆ. ಆದರೂ ಹಾಲ್‌ನಲ್ಲಿ ಒಬ್ಬರೂ ಅವರನ್ನು ನೋಡುವುದಿಲ್ಲ, ಕಣ್ಣೆಲ್ಲ ಗೊಂಬೆಯ ಮೇಲೆ.

ಈ ದಾರಿಯಲ್ಲಿ ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಉದ್ದ ಕೂದಲು, ರೆಕ್ಕೆಯ ಬಟ್ಟೆ ಚಕ್ರಕ್ಕೆ ಸಿಗಬಹುದು. ಗಾಡಿಗೆ ಸುತ್ತುವ ಬಟ್ಟೆ ನೆಲದಿಂದ ಎರಡು ಬೆರಳು ಮೇಲೇ ನಿಲ್ಲಲಿ. ಮಗು ಊಟ ಮಾಡಿ ಕೂಡಲೇ ಬೋರಲು ಮಲಗಿದರೆ ವಾಂತಿ ಬರುತ್ತದೆ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಲಗೆಯ ಮೇಲೆ ಇರಿಸಬೇಡಿ. ಗಾಡಿ ತಳ್ಳುವುದು ಇಬ್ಬರು ದೊಡ್ಡವರು, ರಿಹರ್ಸಲ್‌ಗೂ ಪ್ರದರ್ಶನಕ್ಕೂ ಅದೇ ಇಬ್ಬರು. ಕರೆಂಟ್ ಹೋದರೆ ಇದ್ದಲ್ಲೇ ಬ್ರೇಕ್, ಅವರ ಜೇಬಿನಲ್ಲಿ ಟಾರ್ಚ್. ಹುಡುಗಿಗೆ ಹೆದರಿಕೆ ಇಲ್ಲ ಅಂದಿರಿ. ಒಳ್ಳೆಯದು. ಆದರೆ ಇವತ್ತು ಬೇಡ ಅನ್ನುವ ಹಕ್ಕು ಪ್ರದರ್ಶನದ ರಾತ್ರಿಯೂ ಅವಳಿಗೆ ಇರಲಿ. ಅವಳು ಬೇಡ ಅಂದರೆ ಗೊಂಬೆಯೇ ಪೂರ್ತಿ ದಾರಿ ಹಾರುತ್ತದೆ. ಅದನ್ನೂ ಒಮ್ಮೆ ರಿಹರ್ಸಲ್ ಮಾಡಿಟ್ಟುಕೊಳ್ಳಿ.

ಇನ್ನೊಂದು ಮಾತು, ನೋಡಲು ಬರುವ ಮಕ್ಕಳ ಬಗ್ಗೆ. ಜೆ.ಎಂ. ಬ್ಯಾರಿ ಅವರ ಪೀಟರ್ ಪ್ಯಾನ್ ನಾಟಕ ಲಂಡನ್‌ನಲ್ಲಿ ಮೊದಲು ಆಡಿದ್ದು 1904ರ ಡಿಸೆಂಬರ್ 27ರಂದು. ಅದನ್ನು ನೋಡಿದ ಎಷ್ಟೋ ಮಕ್ಕಳು ಮನೆಗೆ ಹೋಗಿ ಮಂಚದಿಂದ ಹಾರಲು ಹೋಗಿ ಪೆಟ್ಟು ಮಾಡಿಕೊಂಡರು. ಪೋಷಕರು ಕೇಳಿಕೊಂಡ ಮೇಲೆ, ಮಾಯದ ಪುಡಿ ಮೈಮೇಲೆ ಬೀಳದೆ ಯಾರೂ ಹಾರಲಾಗುವುದಿಲ್ಲ ಅಂತ ನಾಟಕದಲ್ಲೇ ಸೇರಿಸಬೇಕಾಯಿತು ಅಂತ ಬ್ಯಾರಿಯವರೇ ಬರೆದಿದ್ದಾರೆ. ನಿಮ್ಮ ಊರಿನ ಮಕ್ಕಳಿಗೆ ಹತ್ತಲು ಸಿಲ್ವರ್ ಮರ ಇದೆ, ಅಟ್ಟ ಇದೆ, ಕಾಫಿ ಕಣದ ಗೋಡೆ ಇದೆ. ಮಂಗಟ್ಟೆ ಕರೆದರೆ ಮಾತ್ರ, ಅದರ ಬೆನ್ನ ಮೇಲೆ ಕೂತರೆ ಮಾತ್ರ ಹಾರಬಹುದು ಅಂತ ಒಂದು ಮಾತು ನಿಮ್ಮ ನಾಟಕದಲ್ಲೂ ಬರಲಿ. ನಾಟಕ ಮುಗಿದ ಮೇಲೆ ಚಿಕ್ಕವರನ್ನು ವೇದಿಕೆಯ ಹಿಂದೆ ಕರೆದುಕೊಂಡು ಹೋಗಿ ಗಾಡಿ, ಗುಡ್ಡ, ಕೊಡೆ ಎಲ್ಲ ತೋರಿಸಿ.

ಗಾಡಿಯ ಕೆಲಸ ನವೆಂಬರ್ ಮೊದಲ ವಾರವೇ ಶುರು ಮಾಡಿಸಿ, ರಿಹರ್ಸಲ್‌ಗೆ ಒಂದು ತಿಂಗಳಾದರೂ ಸಿಗಬೇಕು. ಅಳತೆ ಕೊಡುವ ಮೊದಲು ವೇದಿಕೆಗೆ ಹೋಗುವ ಪಕ್ಕದ ಬಾಗಿಲಿನ ಅಗಲ ನೋಡಿಕೊಳ್ಳಿ. ನಾಲ್ಕು ಅಡಿಯ ತಳ ಎಷ್ಟೋ ಶಾಲೆಗಳ ಬಾಗಿಲಲ್ಲಿ ಹಿಡಿಸುವುದಿಲ್ಲ. ನಿಮ್ಮಲ್ಲೂ ಹಾಗಿದ್ದರೆ ತಳವನ್ನು ಎರಡು ತುಂಡಾಗಿ ಮಾಡಿಸಿ, ಒಳಗೆ ತಂದು ಬೋಲ್ಟ್ ಹಾಕಿ ಸೇರಿಸಲಿ. ಬೋಲ್ಟ್ ನಾಲ್ಕು ಇರಬೇಕಾದ ಕಡೆ ನಾಲ್ಕೂ ಇವೆಯಾ ಅಂತ ಪ್ರತಿ ರಿಹರ್ಸಲ್‌ಗೆ ಮುಂಚೆ ನೀವೇ ಎಣಿಸಿ.